ಟೈಲ್ಸ್ ಹಾಕೋಕೆ ಮುಂಚೆ: ಮಳೆನೀರು, ಬಚ್ಚಲ ನೀರು ಮತ್ತು ಯಾವ ಕಚೇರಿಗೆ ಏನು ಅಧಿಕಾರ

ಮನೆ ಕಟ್ಟಿಸುವಾಗ ಗ್ರಾನೈಟ್ ಆರಿಸೋಕೆ ಮೂರು ದಿನ ಅಲೆದೆ. ಬಚ್ಚಲ ನೀರು ಯಾವ ಪೈಪಿನಲ್ಲಿ ಎಲ್ಲಿಗೆ ಹೋಗುತ್ತೆ ಅಂತ ಕೇಳೋಕೆ ಮೂರು ನಿಮಿಷ ಕೊಡಲಿಲ್ಲ. ಪ್ಲಂಬರ್ ಸ್ನಾನದ ನೀರು, ಟಾಯ್ಲೆಟ್ ನೀರು ಎರಡನ್ನೂ ಒಂದೇ ಪೈಪಿಗೆ ಸೇರಿಸಿ ಚೇಂಬರಿಗೆ ಬಿಟ್ಟಿದ್ದ. "ಎಲ್ಲರ ಮನೇಲೂ ಹಿಂಗೇ ಸಾರ್" ಅಂದ. ಅದು ಸುಳ್ಳೂ ಅಲ್ಲ. ನಾಲ್ಕು ವರ್ಷದ ನಂತರ, ಟ್ಯಾಂಕರಿಗೆ ಫೋನ್ ಮಾಡಿ ಮಾಡಿ ಸಾಕಾಗಿ, ಸ್ನಾನದ ನೀರನ್ನು ಗಿಡಕ್ಕೆ ಬಿಡೋಣ ಅಂತ ಹೊರಟಾಗ ಬಾತ್‌ರೂಮಿನ ನೆಲ ಒಡೆಯಬೇಕಾಯಿತು. ಅದೇ ಬಣ್ಣದ ಟೈಲ್ಸ್ ಮತ್ತೆ ಸಿಗಲೇ ಇಲ್ಲ. ಈಗಲೂ ಆ ಮೂಲೆ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಆ ತೇಪೆ ನೋಡಿದಾಗಲೆಲ್ಲ ಒಂದು ವಿಷಯ ನೆನಪಾಗುತ್ತದೆ. ಕಟ್ಟಡದ ನೀರಿನ ಮೇಲೆ ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಬೇಕಾದಷ್ಟಿದೆ, ಆದರೆ ಅದು ನಿಜವಾಗಿ ಕೆಲಸಕ್ಕೆ ಬರೋದು ನಕ್ಷೆ ಮಂಜೂರಾಗುವಾಗ ಮತ್ತು ಪೈಪ್ ಗೋಡೆಯೊಳಗೆ ಹೋಗುವ ಮೊದಲು. ಆಮೇಲೆ ಕಚೇರಿಯ ಕೈಯಲ್ಲಿ ಉಳಿಯೋದು ದಂಡ. ನಿಮ್ಮ ಕೈಯಲ್ಲಿ ಉಳಿಯೋದು ಸುತ್ತಿಗೆ. ಹಾಗಾಗಿ ಈ ಲೇಖನ ಮುಖ್ಯವಾಗಿ ಮನೆ ಕಟ್ಟಿಸುತ್ತಿರುವವರಿಗೆ, ಅಪಾರ್ಟ್‌ಮೆಂಟ್ ಸಂಘದಲ್ಲಿ ಇರುವವರಿಗೆ. ಬೆಂಗಳೂರಿನ ಉದಾಹರಣೆ ಜಾಸ್ತಿ ಬರುತ್ತದೆ, ಯಾಕಂದ್ರೆ ನಾನು ಓಡಾಡಿದ್ದು ಅಲ್ಲಿ. ಹಳ್ಳಿಯ ಮಾತೂ ಇದೆ.

ಮೊದಲು: ನಿಮ್ಮ ಕಟ್ಟಡ ಯಾರ ಕೈಯಲ್ಲಿದೆ?

ಇದನ್ನು ತಿಳಿಯದೆ ಹೋದರೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಚೆಂಡಿನ ಹಾಗೆ ಓಡಬೇಕಾಗುತ್ತದೆ.

ಸಂವಿಧಾನದ 74ನೇ ತಿದ್ದುಪಡಿ 12ನೇ ಪರಿಚ್ಛೇದವನ್ನು ಸೇರಿಸಿತು. ನಗರ ಸಂಸ್ಥೆಗಳಿಗೆ ಒಪ್ಪಿಸಬಹುದಾದ 18 ವಿಷಯಗಳ ಪಟ್ಟಿ ಅದು. ಕಟ್ಟಡ ನಿಯಂತ್ರಣ, ನೀರು ಸರಬರಾಜು, ನೈರ್ಮಲ್ಯ ಮೂರೂ ಅದರಲ್ಲಿವೆ. ಹಳ್ಳಿಗಳಿಗೆ 11ನೇ ಪರಿಚ್ಛೇದ, ಅಲ್ಲಿ ಕುಡಿಯುವ ನೀರು ಮತ್ತು ಜಲ ನಿರ್ವಹಣೆ ಇವೆ. ಆದರೆ ಪಟ್ಟಿಯಲ್ಲಿರೋದು ಬೇರೆ, ಕೈಗೆ ಬರೋದು ಬೇರೆ. ಎಷ್ಟು ಅಧಿಕಾರ ಕೊಡಬೇಕು ಅಂತ ತೀರ್ಮಾನಿಸುವುದು ರಾಜ್ಯದ ಕಾಯ್ದೆ.

ಬೆಂಗಳೂರಿನಲ್ಲಿ ಇದು ಎರಡು ಮನೆ ಆಗಿಹೋಗಿದೆ. ನಕ್ಷೆ ಮಂಜೂರು ಮಾಡುವುದು ಪಾಲಿಕೆ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಿವೆ. ನೀರು ಮತ್ತು ಒಳಚರಂಡಿ ಮಾತ್ರ ಜಲಮಂಡಳಿಯ ಕೈಯಲ್ಲಿ, 1964ರ ಕಾಯ್ದೆಯ ಪ್ರಕಾರ. ದೊಡ್ಡ ಅಪಾರ್ಟ್‌ಮೆಂಟ್ ಆದರೆ ಕೊಳಚೆ ನೀರು ಸಂಸ್ಕರಿಸುವ ಎಸ್‌ಟಿಪಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಬೋರ್‌ವೆಲ್ ಕೊರೆಸೋಕೆ 2011ರ ಅಂತರ್ಜಲ ಕಾಯ್ದೆ ಇದೆ. ಒಂದು ಬಕೆಟ್ ನೀರಿಗೆ ನಾಲ್ಕು ಬಾಗಿಲು ಅಂದ ಹಾಗಾಯ್ತು, ಅಲ್ವಾ?

ಬೆಂಗಳೂರಿನ ಹೊರಗೆ ಲೆಕ್ಕ ಸ್ವಲ್ಪ ಸರಳ. ದೊಡ್ಡ ಯೋಜನೆಗಳನ್ನು ಕಟ್ಟಿಕೊಡುವುದು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಆದರೆ ದಿನದಿನದ ನೀರು, ಕಟ್ಟಡದ ಲೈಸೆನ್ಸ್ ಹೆಚ್ಚಿನ ಊರುಗಳಲ್ಲಿ ಪುರಸಭೆ, ನಗರಸಭೆಯ ಹತ್ತಿರವೇ ಇರುತ್ತವೆ. ಪಂಚಾಯತಿ ವ್ಯಾಪ್ತಿಯಲ್ಲಿ ಕಟ್ಟಡಕ್ಕೆ ಅನುಮತಿ ಕೊಡುವುದು ಗ್ರಾಮ ಪಂಚಾಯತಿ, 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪ್ರಕಾರ.

ಮಾಡಬೇಕಾದ ಕೆಲಸ ಒಂದೇ. ಮಂಜೂರಾದ ನಕ್ಷೆಯ ಜೊತೆ ಷರತ್ತುಗಳ ಹಾಳೆ ಇರುತ್ತದೆ. ಅದನ್ನು ಯಾರೂ ಓದೋದಿಲ್ಲ. ಓದಿ. ನೀರಿನ ಬಗ್ಗೆ ಇರುವ ಸಾಲುಗಳಿಗೆ ಪೆನ್ಸಿಲ್ ಗೆರೆ ಎಳೆದು ಮೇಸ್ತ್ರಿಗೂ ಪ್ಲಂಬರಿಗೂ ಒಂದೊಂದು ಪ್ರತಿ ಕೊಡಿ. ಹಳೆಯ ಕಟ್ಟಡ, ಬಿಲ್ಡರ್ ಕಾಗದ ಕೊಡಲಿಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಮಳೆನೀರು: ಇಲ್ಲಿ ನಿಯಮಕ್ಕೆ ಹಲ್ಲಿದೆ

2009ರಲ್ಲಿ ಬೆಂಗಳೂರು ಜಲಮಂಡಳಿ ಕಾಯ್ದೆಗೆ 72ಎ ಕಲಂ ಸೇರಿತು. ಹಳೆಯ ಕಟ್ಟಡವಾದರೆ 60x40 ಅಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿಗೆ, ಹೊಸದಾಗಿ ಕಟ್ಟುವುದಾದರೆ 30x40 ಸೈಟಿನಿಂದಲೇ ಮಳೆನೀರು ಕೊಯ್ಲು ಕಡ್ಡಾಯ. ಮಾಡದಿದ್ದರೆ ನೀರಿನ ಬಿಲ್ಲಿನ ಮೇಲೆ ದಂಡ. ಮನೆಗಳಿಗೆ ಮೊದಲ ಮೂರು ತಿಂಗಳು ಬಿಲ್ಲಿನ ಶೇ. 25, ಆಮೇಲೆ ಶೇ. 50. ಅಂಗಡಿ, ಕಚೇರಿಗಳಿಗೆ ಶೇ. 50, ಆಮೇಲೆ ಶೇ. 100. ತಿಂಗಳು ತಿಂಗಳು ದಂಡ ಕಟ್ಟಿಕೊಂಡೇ ಹೋಗುವವರಿದ್ದಾರೆ. "ಅಗೆದು ಗಲೀಜು ಮಾಡೋದಕ್ಕಿಂತ ಇದೇ ವಾಸಿ" ಅಂತಾರೆ. ನನಗೆ ಅದು ಲೆಕ್ಕ ಬಾರದ ಮಾತು ಅನ್ನಿಸುತ್ತದೆ. ಯಾಕೆ ಅಂತ ನೋಡಿ.

ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ನೆನಪಿಟ್ಟರೆ ಸಾಕು. 30x40 ಸೈಟಿನಲ್ಲಿ 80 ಚದರ ಮೀಟರ್ ತಾರಸಿ ಇದೆ ಅನ್ನೋಣ. ಬೆಂಗಳೂರಿನ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್. ಗುಣಿಸಿದರೆ 77,600 ಲೀಟರ್. ಆವಿ, ಸೋರಿಕೆ, ಮೊದಲ ಕೊಳಕು ನೀರು ಅಂತ ಐದರಲ್ಲಿ ಒಂದು ಭಾಗ ಕಳೆದರೂ 62,000 ಲೀಟರ್ ಉಳಿಯುತ್ತದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತು ಟ್ಯಾಂಕರ್, ನಮ್ಮ ತಲೆಯ ಮೇಲೆ ಬಿದ್ದು ಮೋರಿಗೆ ಹೋಗುತ್ತಿದೆ.

ಎಷ್ಟು ಹಿಡಿದಿಡಬೇಕು ಅನ್ನೋದಕ್ಕೂ ಅಳತೆ ಇದೆ. ತಾರಸಿಯ ಒಂದು ಚದರ ಮೀಟರಿಗೆ 60 ಲೀಟರ್, ಕಾಂಕ್ರೀಟ್ ಅಥವಾ ಕಲ್ಲು ಹಾಸಿದ ಅಂಗಳಕ್ಕೆ 30 ಲೀಟರ್. ಮೊದಲು 20 ಮತ್ತು 10 ಇತ್ತು, ಏರಿಸಿದರು. ನಮ್ಮ 80 ಚದರ ಮೀಟರ್ ತಾರಸಿಗೆ 4,800 ಲೀಟರ್ ಆಯಿತು. ಅಂಗಳ 20 ಚದರ ಮೀಟರ್ ಆದರೆ 600. ಒಟ್ಟು 5,400 ಲೀಟರ್. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಇಂಗುಬಾವಿ ತುಂಬಿದರೆ ಹತ್ತಿರ ಹತ್ತಿರ 4,000 ಲೀಟರ್ ಹಿಡಿಯುತ್ತದೆ. ಉಳಿದದ್ದಕ್ಕೆ ಸಂಪ್ ಇದೆ. ಬಾವಿ ತೋಡುವ ಮಣ್ಣು ವಡ್ಡರು ಬೆಂಗಳೂರಿನಲ್ಲಿ ಇವತ್ತಿಗೂ ಇದ್ದಾರೆ. ಕೈಯಲ್ಲೇ ಅಗೆದು, ಸಿಮೆಂಟ್ ರಿಂಗ್ ಇಳಿಸಿ ಕೊಡುತ್ತಾರೆ. ಜೆಸಿಬಿ ನುಗ್ಗದ ಜಾಗದಲ್ಲೂ ಕೆಲಸ ಆಗುತ್ತದೆ.

ತಾರಸಿಯಿಂದ ಇಳಿಯುವ ಡೌನ್ ಪೈಪಿನ ಕೆಳಗೆ ಮೊದಲ ಮಳೆಯ ನೀರು ಹೊರಗೆ ಹೋಗುವ ಹಾಗೆ ಒಂದು ಎಂಡ್ ಕ್ಯಾಪ್, ಅಂದರೆ ಬಿಚ್ಚಿ ಹಾಕುವ ಮುಚ್ಚಳ, ಇಡಿಸಿ. ಪಾರಿವಾಳದ ಹಿಕ್ಕೆ, ಧೂಳು, ಒಣಗಿದ ಎಲೆ ಎಲ್ಲ ಆ ನೀರಲ್ಲೇ ಇರುತ್ತದೆ. ಅದು ಹೋದ ಮೇಲೆ ಫಿಲ್ಟರಿಗೆ ಬಿಡಿ. ಕಣ್ಣಾರೆ ನೋಡಬೇಕು ಅಂದರೆ ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಕೊಯ್ಲು ಪಾರ್ಕ್ ಇದೆ. ಬೇರೆ ಬೇರೆ ಫಿಲ್ಟರುಗಳ ಮಾದರಿ ಇಟ್ಟಿದ್ದಾರೆ. ಪ್ಲಂಬರನ್ನೂ ಕರ್ಕೊಂಡು ಹೋಗಿ. ನೂರು ಸಲ ಹೇಳೋದಕ್ಕಿಂತ ಒಂದು ಸಲ ತೋರಿಸೋದು ವಾಸಿ.

ಬಚ್ಚಲ ನೀರು: ಇಲ್ಲಿ ನಿಯಮ ತೆಳು, ಕೆಲಸ ನಿಮ್ಮದು

ಕಚೇರಿಯ ಕಾಗದದಲ್ಲಿ ಇದು ಬೂದು ನೀರು. ಎಂಜಿನಿಯರ್ ಬಾಯಲ್ಲಿ ಗ್ರೇ ವಾಟರ್. ನಮ್ಮ ಅಜ್ಜಿಗೆ ಬರೀ ಬಚ್ಚಲ ನೀರು. ಅದು ಹಿತ್ತಲಿನ ಬಾಳೆಗೆ, ಕೆಸುವಿಗೆ ಹೋಗುತ್ತಿತ್ತು. ಬಚ್ಚಲು ಮನೆ ಒಂದು ಕಡೆ, ಕಕ್ಕಸು ಇನ್ನೊಂದು ಕಡೆ ಇದ್ದದ್ದರಿಂದ ಎರಡು ನೀರು ಸೇರುವ ಪ್ರಶ್ನೆಯೇ ಇರಲಿಲ್ಲ. ಅಟ್ಯಾಚ್ಡ್ ಬಾತ್‌ರೂಮ್ ಬಂತು, ಎರಡೂ ಸೇರಿಹೋದವು.

ನಿಯಮ ಎಲ್ಲಿದೆ? ಕೇಂದ್ರ ಸರ್ಕಾರದ 2016ರ ಮಾದರಿ ಕಟ್ಟಡ ಉಪನಿಯಮದಲ್ಲಿ, ದಿನಕ್ಕೆ 10,000 ಲೀಟರ್ ಅಥವಾ ಹೆಚ್ಚು ತ್ಯಾಜ್ಯ ನೀರು ಬಿಡುವ ಕಟ್ಟಡಗಳು ಅದನ್ನು ಮರುಬಳಕೆ ಮಾಡಬೇಕು ಅಂತಿದೆ. ಹೆಸರೇ ಹೇಳುವ ಹಾಗೆ ಅದು ಮಾದರಿ ಮಾತ್ರ. ರಾಜ್ಯವೋ ಪಾಲಿಕೆಯೋ ತನ್ನ ಉಪನಿಯಮಕ್ಕೆ ಸೇರಿಸಿಕೊಂಡರೆ ಮಾತ್ರ ಅದಕ್ಕೆ ಬಲ. ಮತ್ತೆ, 10,000 ಲೀಟರ್ ಅಂದರೆ ದೊಡ್ಡ ಅಪಾರ್ಟ್‌ಮೆಂಟ್, ಹೋಟೆಲ್, ಹಾಸ್ಟೆಲ್ ಲೆಕ್ಕ. ನಿಮ್ಮ ನನ್ನ ಮನೆಗೆ ಅದು ತಟ್ಟೋದೇ ಇಲ್ಲ. ಇನ್ಸ್‌ಪೆಕ್ಷನ್ನಿಗೆ ಬಂದವರು ಮಳೆನೀರಿನ ಪೈಪ್ ನೋಡಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಬಚ್ಚಲ ಪೈಪ್ ಎಲ್ಲಿಗೆ ಹೋಗಿದೆ ಅಂತ ನನ್ನ ಮನೆಯಲ್ಲಂತೂ ಯಾರೂ ಕೇಳಲಿಲ್ಲ.

ಈಗ ಅಳತೆ. ನಗರದ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರಿ ಮಾನದಂಡ. ಅದರಲ್ಲಿ ಸ್ನಾನಕ್ಕೆ 55, ಬಟ್ಟೆಗೆ 20, ಫ್ಲಶ್‌ಗೆ 30. ಪಾತ್ರೆಗೆ 10, ನೆಲ ಒರೆಸೋಕೆ 10. ಅಡುಗೆಗೂ ಕುಡಿಯೋಕೂ ಐದೈದು. ನಾಲ್ಕು ಜನರ ಮನೆಯಲ್ಲಿ ಸ್ನಾನ ಮತ್ತು ಬಟ್ಟೆಯ ನೀರೇ 300 ಲೀಟರ್. ಫ್ಲಶ್‌ಗೆ ಬೇಕಾದದ್ದು 120. ಅಂದರೆ ಸ್ನಾನದ ನೀರನ್ನು ಫ್ಲಶ್‌ಗೆ ಬಳಸಿದರೂ 180 ಲೀಟರ್ ಗಿಡಕ್ಕೆ ಉಳಿಯುತ್ತದೆ. ಕಾವೇರಿ ನೀರನ್ನು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದು ಟಾಯ್ಲೆಟ್ಟಿಗೆ ಸುರಿಯುತ್ತಿದ್ದೇವೆ.

ಕಟ್ಟುವಾಗಲೇ ಮಾಡಬೇಕಾದದ್ದು ಹೀಗೆ. ಸ್ನಾನದ ನಹಾನಿ ಟ್ರ್ಯಾಪ್ (ನೆಲದಲ್ಲಿ ನೀರು ಇಳಿಯುವ ಜಾಲರಿಯ ಬಾಯಿ), ವಾಶ್ ಬೇಸಿನ್, ವಾಶಿಂಗ್ ಮೆಷಿನ್ ಮೂರರಿಂದ ಒಂದು ಪೈಪ್. ಕಮೋಡಿನಿಂದ ಬೇರೆ ಪೈಪ್. ಎರಡೂ ಬೇರೆ ಬೇರೆ ಚೇಂಬರಿಗೆ ಇಳಿಯಬೇಕು. ಅಡುಗೆಮನೆ ಸಿಂಕ್ ಯಾವ ಕಡೆ? ಟಾಯ್ಲೆಟ್ ಕಡೆಗೇ ಹೋಗಲಿ. ಮುಸುರೆ ನೀರಿನಲ್ಲಿ ಎಣ್ಣೆ, ಅನ್ನದ ಅಗುಳು ಇರುತ್ತವೆ. ಎರಡೇ ದಿನದಲ್ಲಿ ಫಿಲ್ಟರ್ ಕಟ್ಟಿಕೊಂಡು ನಾರುತ್ತದೆ. ಮೊದಲ ಸಲ ನಾನು ಅದನ್ನೂ ಸೇರಿಸಿದ್ದೆ. ಪಕ್ಕದ ಮನೆಯವರು ಮಾತು ಬಿಡುವ ಮಟ್ಟಕ್ಕೆ ಹೋಗಿತ್ತು.

ಈಗ ಬೂದು ನೀರಿನ ಮರುಬಳಕೆ ಮಾಡುವ ಯೋಚನೆ ಇಲ್ಲ, ದುಡ್ಡಿಲ್ಲ ಅಂದರೂ ಪೈಪ್ ಮಾತ್ರ ಬೇರೆ ಹಾಕಿಸಿ. ಸದ್ಯಕ್ಕೆ ಹೊರಗಿನ ಚೇಂಬರಿನಲ್ಲಿ ಎರಡನ್ನೂ ಸೇರಿಸಿ ಯುಜಿಡಿಗೆ, ಅಂದರೆ ಬೀದಿಯ ಒಳಚರಂಡಿಗೆ, ಬಿಡಿ. ಮುಂದೆ ಬೇಕಾದಾಗ ಅಂಗಳದಲ್ಲೇ ಕೆಲಸ ಮುಗಿಯುತ್ತದೆ, ಮನೆಯೊಳಗೆ ಒಂದು ಟೈಲ್ಸ್ ಅಲ್ಲಾಡಲ್ಲ. ಫ್ಲಶ್ ಟ್ಯಾಂಕಿಗೂ ತಾರಸಿಯಿಂದ ಬೇರೆ ಲೈನ್ ಇಳಿಸಿಟ್ಟುಕೊಳ್ಳಿ.

ಗಿಡಕ್ಕೆ ಮಾತ್ರ ಅಂದರೆ ಫಿಲ್ಟರ್ ಸರಳ. ಮೊದಲು ಕೂದಲು, ಸೋಪಿನ ನೊರೆ ಹಿಡಿಯುವ ಒಂದು ಪುಟ್ಟ ಚೇಂಬರ್, ಬಾಯಿಗೆ ಜಾಲರಿ. ಆಮೇಲೆ ಜಲ್ಲಿ ತುಂಬಿದ ಉದ್ದನೆಯ ತೊಟ್ಟಿ, ಅದರಲ್ಲಿ ಕಾಬಾಳೆ ಗಿಡ. ನರ್ಸರಿಯವರು ಕ್ಯಾನಾ ಅಂತಾರೆ. ನೀರು ಜಲ್ಲಿಯ ಒಳಗೇ ಹರಿಯಬೇಕು, ಮೇಲೆ ಕಾಣಬಾರದು. ಮೇಲೆ ನಿಂತರೆ ಸೊಳ್ಳೆ, ಸೊಳ್ಳೆ ಬಂದರೆ ಪಾಲಿಕೆಯ ಆರೋಗ್ಯ ವಿಭಾಗದವರೂ ಬಂದಾರು. ಕೂದಲಿನ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯಲೇಬೇಕು. ಯಾರೂ ಹೇಳದ ಕೆಲಸ ಇದು, ಎಲ್ಲ ವ್ಯವಸ್ಥೆ ಹಾಳಾಗೋದೂ ಇಲ್ಲಿಂದಲೇ.

ಕೆಲವು ತಪ್ಪು ಮಾತ್ರ ಮಾಡಬೇಡಿ. ಬಚ್ಚಲ ನೀರನ್ನು ಇಂಗುಬಾವಿಗಾಗಲಿ, ಬೋರ್‌ವೆಲ್ ಪಕ್ಕದ ಗುಂಡಿಗಾಗಲಿ ಬಿಡಬೇಡಿ. ಅಲ್ಲಿಗೆ ಮಳೆನೀರು ಮಾತ್ರ. ಒಂದು ದಿನಕ್ಕಿಂತ ಜಾಸ್ತಿ ತುಂಬಿಡಬೇಡಿ, ಕೊಳೆಯುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಸೊಪ್ಪಿಗೆ ಹಾಕಬೇಡಿ. ಬಾಳೆ, ತೆಂಗು, ಹೂವಿನ ಗಿಡಕ್ಕೆ ಸರಿ. ಮನೆಯಲ್ಲಿ ಪುಟ್ಟ ಮಗುವಿನ ಮಲ ಮೆತ್ತಿದ ಬಟ್ಟೆ ತೊಳೆದ ನೀರು ಟಾಯ್ಲೆಟ್ಟಿಗೇ ಹೋಗಲಿ. ಮರುಬಳಕೆಯ ನೀರಿನ ಪೈಪಿಗೆ ಬೇರೆ ಬಣ್ಣ ಹೊಡೆಸಿ, ನಲ್ಲಿ ಮೇಲೆ "ಕುಡಿಯಲು ಅಲ್ಲ" ಅಂತ ಬರೆಸಿ. ಆ ನೀರು ಖಾಲಿಯಾದಾಗ ಕಾವೇರಿ ಲೈನನ್ನು ನೇರವಾಗಿ ಜೋಡಿಸಿ ವಾಲ್ವ್ ಇಡೋಣ ಅಂತ ಪ್ಲಂಬರ್ ಹೇಳಿಯೇ ಹೇಳುತ್ತಾನೆ. ಒಪ್ಪಬೇಡಿ. ಒಂದು ವಾಲ್ವ್ ಸೋರಿದರೆ ಬಚ್ಚಲ ನೀರು ಕುಡಿಯುವ ನೀರಿಗೆ ಬರುತ್ತದೆ. ಒಳ್ಳೆ ನೀರಿನ ಪೈಪ್ ಟ್ಯಾಂಕಿನ ನೀರಿಗಿಂತ ಒಂದು ಗೇಣು ಮೇಲಿಂದ ಸುರಿಯಬೇಕು, ಮುಟ್ಟಬಾರದು.

ಅಪಾರ್ಟ್‌ಮೆಂಟಿನವರಿಗೆ

ನಿಮ್ಮಲ್ಲಿ ಎಸ್‌ಟಿಪಿ ಇದ್ದರೆ ಬೂದು ನೀರು, ಕಪ್ಪು ನೀರು (ಟಾಯ್ಲೆಟ್ ನೀರು) ಅನ್ನೋ ಭೇದ ಅಷ್ಟಿಲ್ಲ. ಎಲ್ಲ ಸೇರಿ ಶುದ್ಧವಾಗಿ ಬರುತ್ತದೆ. ಪ್ರಶ್ನೆ ಆ ನೀರಿಗೆ ಹೋಗೋಕೆ ದಾರಿ ಇದೆಯಾ ಅನ್ನೋದು. ಫ್ಲಶ್‌ಗೆ ಬೇರೆ ಪೈಪ್, ಅಂದರೆ ಡ್ಯುಯಲ್ ಪೈಪಿಂಗ್ ಇಲ್ಲದಿದ್ದರೆ ಸಂಸ್ಕರಿಸಿದ ನೀರಲ್ಲಿ ಬಹುಪಾಲು ಮೋರಿಗೇ. ಫ್ಲಾಟ್ ಕೊಳ್ಳುವ ಮುಂಚೆ ಬಿಲ್ಡರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಬಾಯಿಮಾತು ನಂಬಬೇಡಿ, ಫ್ಲಶ್ ಒತ್ತಿ ನೋಡಿ. ಸಂಸ್ಕರಿಸಿದ ನೀರಿಗೆ ಸಾಮಾನ್ಯವಾಗಿ ತೆಳು ಹಳದಿ ಛಾಯೆ ಇರುತ್ತದೆ.

2024ರ ಬೇಸಿಗೆಯ ನೀರಿನ ಬರದಲ್ಲಿ ಒಂದು ಒಳ್ಳೆಯದೂ ಆಯಿತು. ಅಪಾರ್ಟ್‌ಮೆಂಟುಗಳು ತಮ್ಮ ಸಂಸ್ಕರಿಸಿದ ನೀರಿನ ಅರ್ಧದಷ್ಟನ್ನು ಮಾರಬಹುದು ಅಂತ ಸರ್ಕಾರ ಒಪ್ಪಿತು. ಕಟ್ಟಡ ಕೆಲಸದವರು, ರಸ್ತೆ ಕೆಲಸದವರು ಕೊಳ್ಳಬಹುದು. ನಿಮ್ಮ ಸಂಘ ಇದನ್ನು ಮಾಡಬೇಕಂದರೆ ನೀರಿನ ಪರೀಕ್ಷೆಯ ವರದಿಗಳು ಸರಿಯಾಗಿರಲಿ. ಎಸ್‌ಟಿಪಿ ನಡೆಸೋರು ಪುಸ್ತಕದಲ್ಲಿ ಬರೆಯೋ ಅಂಕಿಯನ್ನೇ ನೆಚ್ಚಿಕೊಳ್ಳಬೇಡಿ, ಹೊರಗಿನ ಲ್ಯಾಬಿಗೆ ನೀವೇ ಒಂದು ಬಾಟಲ್ ಕಳಿಸಿ.

ನಲ್ಲಿ ತುದಿಯ ಪುಟ್ಟ ಸಾಮಾನು

ಅದೇ 2024ರ ಮಾರ್ಚಿನಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯ ಮಾಡಿತು. ನೀರಿನ ಜೊತೆ ಗಾಳಿ ಬೆರೆಸಿ ಧಾರೆ ತೆಳು ಮಾಡುವ ಜಾಲರಿ ಅದು. ನಿಮ್ಮ ನಲ್ಲಿಗೆ ಬೇಕಾ ಅಂತ ತಿಳಿಯೋಕೆ 10 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿ. 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 15 ಲೀಟರ್ ಹೋಗುತ್ತಿದೆ. ಬೇಸಿನ್ನಿಗೆ, ಸಿಂಕಿಗೆ ಅಷ್ಟು ಬೇಡವೇ ಬೇಡ. ಆದರೆ ಬಕೆಟ್ ತುಂಬಿಸುವ ನಲ್ಲಿಗೆ ಹಾಕಿದರೆ ಏನೂ ಉಳಿಯಲ್ಲ. ಬಕೆಟ್ ನಿಧಾನ ತುಂಬುತ್ತದೆ, ಅಷ್ಟೇ.

ದಂಡದ ನೋಟಿಸ್ ಬಂದರೆ

ಕುಡಿಯುವ ನೀರಲ್ಲಿ ಕಾರ್ ತೊಳೆಯೋದು, ಗಿಡಕ್ಕೆ ಬಿಡೋದು, ಕಟ್ಟಡ ಕೆಲಸಕ್ಕೆ ಬಳಸೋದು, ಕಾರಂಜಿ ಹಾರಿಸೋದು ಬೆಂಗಳೂರಿನಲ್ಲಿ 2024ರ ಆ ಬರದಲ್ಲಿ ನಿಷೇಧವಾಯಿತು. ಜಲಮಂಡಳಿ ಕಾಯ್ದೆಯ 109ನೇ ಕಲಂ ಪ್ರಕಾರ 5,000 ರೂಪಾಯಿ ದಂಡ, ಮತ್ತೆ ಮಾಡಿದರೆ ದಿನಕ್ಕೆ 500 ರೂಪಾಯಿ ಸೇರಿಸಿ. 2025ರ ಫೆಬ್ರುವರಿಯಲ್ಲಿ ಅದನ್ನೇ ಮತ್ತೆ ಹೊರಡಿಸಿದರು. ಇಂಥ ಆದೇಶದ ಬಲ ಇರೋದು ನೋಡಿ ಹೇಳುವ ಪಕ್ಕದ ಮನೆಯವರಲ್ಲಿ. ಮಂಡಳಿಯ ಸಹಾಯವಾಣಿ 1916.

ನೋಟಿಸ್ ಬಂದವರು ಹೋಗಿ ಜಗಳ ಮಾಡುವುದರಲ್ಲಿ ಅರ್ಥವಿಲ್ಲ. ಮೊದಲು ಅದರಲ್ಲಿ ಯಾವ ಕಾಯ್ದೆ, ಯಾವ ಕಲಂ, ಎಷ್ಟು ದಿನ ಗಡುವು ಅಂತ ನೋಡಿ. ತೊಳೆದದ್ದು ಸಂಸ್ಕರಿಸಿದ ನೀರಿನಲ್ಲೋ ಮಳೆನೀರಿನಲ್ಲೋ ಆಗಿದ್ದರೆ ಪೈಪಿನ ಫೋಟೋ, ಟ್ಯಾಂಕಿನ ಫೋಟೋ ಸೇರಿಸಿ ಬರಹದಲ್ಲಿ ಉತ್ತರ ಕೊಡಿ. ಕೊಟ್ಟ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳೋದನ್ನು ಮರೀಬೇಡಿ. ಮಳೆನೀರು ಕೊಯ್ಲು ಮಾಡಿಸಿದ ಮೇಲೂ ಬಿಲ್ಲಿನಲ್ಲಿ ದಂಡ ಬರುತ್ತಲೇ ಇದ್ದರೆ ಬಂದು ನೋಡಿ ಅಂತ ಅರ್ಜಿ ಕೊಡಬೇಕು. ಅದು ತಾನಾಗಿ ನಿಲ್ಲೋದಿಲ್ಲ.

ಹಳ್ಳಿಯಲ್ಲಿ

ಇಲ್ಲಿ ಪಂಚಾಯತಿ ದಂಡಕ್ಕಿಂತ ಗುಂಡಿಯಿಂದ ಜಾಸ್ತಿ ಕೆಲಸ ಮಾಡಿದೆ. ನರೇಗಾದಲ್ಲಿ ಮನೆಮನೆಗೆ ಬಚ್ಚಲು ಗುಂಡಿ ಮಾಡಿಕೊಟ್ಟದ್ದು ನಿಮಗೆ ಗೊತ್ತಿರುತ್ತದೆ. ಬೀದಿಗೆ ಹರಿದು ಕೊಚ್ಚೆಯಾಗುತ್ತಿದ್ದ ನೀರು ಇಂಗಿತು. ಆದರೆ ಗುಂಡಿ ಕುಡಿಯುವ ನೀರಿನ ಬಾವಿಗೆ, ಕೈಪಂಪಿಗೆ ಹತ್ತಿರ ಬೇಡ. ಜೇಡಿಮಣ್ಣಿನ ನೆಲದಲ್ಲಿ, ಮಳೆಗಾಲದಲ್ಲಿ ನೀರು ಮೇಲೇ ಇರುವ ಊರಲ್ಲಿ ಅದು ಇಂಗಲ್ಲ, ತುಂಬಿ ಉಕ್ಕುತ್ತದೆ. ಅಂಥ ಕಡೆ ಬಾಳೆಯ ಸಾಲಿಗೆ ಬಿಡೋದೇ ಸರಿ. ಗ್ರಾಮಸಭೆಯಲ್ಲಿ ಒಂದು ಮಾತು ಎತ್ತಿ: ಹೊಸ ಮನೆಗೆ ಅನುಮತಿ ಕೊಡುವಾಗ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಅಂತ ಅರ್ಜಿಯಲ್ಲೇ ಬರೆಸಿಕೊಳ್ಳಿ ಅಂತ. ಖರ್ಚಿಲ್ಲದ ಕೆಲಸ. ಪಟ್ಟಣದ ವಾರ್ಡಿನಲ್ಲೂ ಕೇಳಬೇಕಾದದ್ದು ಇದನ್ನೇ.

ಕೊನೆಯ ಹೆಜ್ಜೆ: ಅರಿಶಿನ

ಪ್ಲಂಬರ್ ಎಲ್ಲ ಬೇರೆ ಬೇರೆ ಹಾಕಿದ್ದೇನೆ ಅಂತಾನೆ. ಕಾಂಕ್ರೀಟಿನ ಒಳಗೆ ಏನಿದೆ ಅಂತ ನಮಗೆ ಕಾಣೋದಿಲ್ಲ. ಅದಕ್ಕೆ ಟೈಲ್ಸ್ ಹಾಕುವ ಹಿಂದಿನ ದಿನ ಒಂದು ಬಕೆಟ್ ನೀರಿಗೆ ಎರಡು ಚಮಚ ಅರಿಶಿನ ಕದಡಿ. ಅಂಗಳದ ಎರಡೂ ಚೇಂಬರಿನ ಮುಚ್ಚಳ ತೆಗೆದು ಒಬ್ಬರನ್ನು ಅಲ್ಲಿ ನಿಲ್ಲಿಸಿ. ಮಹಡಿಯ ಬಾತ್‌ರೂಮಿನಿಂದ ಶುರು ಮಾಡಿ, ಒಂದೊಂದೇ ನಹಾನಿ ಟ್ರ್ಯಾಪಿಗೆ, ಬೇಸಿನ್ನಿನ ಪೈಪಿಗೆ, ವಾಶಿಂಗ್ ಮೆಷಿನ್ ಪಾಯಿಂಟಿಗೆ ಸುರಿಯುತ್ತಾ ಬನ್ನಿ. ಹಳದಿ ನೀರು ಬಚ್ಚಲ ಚೇಂಬರಿನಲ್ಲೇ ಕಾಣಬೇಕು. ಟಾಯ್ಲೆಟ್ ಚೇಂಬರಿನಲ್ಲಿ ಕಂಡರೆ ಪ್ಲಂಬರನ್ನು ಕರೆದು ತೋರಿಸಿ, ಅದು ಸರಿಯಾಗುವವರೆಗೂ ಅವನ ಕೊನೆಯ ಕಂತು ನಿಮ್ಮ ಜೇಬಿನಲ್ಲೇ ಇರಲಿ.